ತೆರೆಯ ಮೇಲಿನ ಹಿಮವೆಲ್ಲ ಜರಡಿ ಹಿಡಿದ ಹಿಟ್ಟು: ಸ್ಕೀ ಚಿತ್ರ, ಸ್ಕೀ ಪತ್ರಿಕೆಗಳನ್ನು ಎಷ್ಟು ನಂಬಬಹುದು?

ಸ್ಕಂದಗಿರಿಯ ವಿಡಿಯೊಗಳಲ್ಲಿ ಮೋಡದ ಕಡಲು ಇರುತ್ತದೆ. ಏದುಸಿರು ಬಿಡುತ್ತ ಹತ್ತಿದ ಎರಡು ಗಂಟೆ ಇರುವುದಿಲ್ಲ. ಚಿಕ್ಕಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಟ್ಟ ಊರ ಪಕ್ಕದಲ್ಲೇ ಇದೆ, ಹೋಗಿ ತಾಳೆ ಹಾಕಿ ನೋಡಬಹುದು. ಕಾಲಿಗೆ ಉದ್ದ ಪಟ್ಟಿಯಂಥ ಸ್ಕೀ ಕಟ್ಟಿ ಹಿಮದ ಮೇಲೆ ಜಾರುವವರ ಚಿತ್ರಗಳ ವಿಷಯದಲ್ಲಿ ನಮಗೆ ಆ ಅನುಕೂಲವಿಲ್ಲ. ತುಮಕೂರಿನಲ್ಲೋ ಕೋಲಾರದಲ್ಲೋ ಕೂತು ಫೋನಿನಲ್ಲಿ ನಾಲ್ಕು ನಿಮಿಷದ ತುಣುಕು ನೋಡಿದರೆ ಸ್ಕೀಯಿಂಗ್ ಅಂದರೆ ಇಷ್ಟೇ ಅನ್ನಿಸುತ್ತದೆ: ಹೆಲಿಕಾಪ್ಟರಿನಿಂದ ಇಳಿ, ಜಾರು, ಹಿಮದ ಧೂಳೆಬ್ಬಿಸು, ನಗು. ಹಾಗೆ ನೋಡಿ ಆಸೆ ಹುಟ್ಟಿ, ಉತ್ತರಾಖಂಡದ ಔಲಿ ಅಥವಾ ಕಾಶ್ಮೀರದ ಗುಲ್ಮಾರ್ಗ್‌ನ ಏಳು ದಿನದ, ಹದಿನಾಲ್ಕು ದಿನದ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಓದಲಿ ಎಂದು ಈ ವಿಮರ್ಶೆ.

ಮೊದಲು ಹಿಮದ ವಿಚಾರ. ತೆರೆಯ ಮೇಲೆ ಅದು ಯಾವಾಗಲೂ ಜರಡಿ ಹಿಡಿದ ರಾಗಿ ಹಿಟ್ಟಿನ ಹಾಗೆ ಒಣ, ಹಗುರ, ಮೊಣಕಾಲುದ್ದ; ಮೇಲೆ ಇನ್ನೊಬ್ಬರ ಗೆರೆ ಬಿದ್ದಿರುವುದಿಲ್ಲ. ಅಂಥ ಹಿಮ ಇಲ್ಲವೆಂದಲ್ಲ. ಗುಲ್ಮಾರ್ಗ್‌ನ ಅಫರ್ವಾಟ್ ಬೆಟ್ಟದ ಮಗ್ಗುಲಲ್ಲಿ ಭಾರಿ ಹಿಮ ಸುರಿದ ಮರುದಿನ ಬೆಳಿಗ್ಗೆ ಅದು ಸಿಗುತ್ತದೆ. ಒಂದೆರಡು ದಿನ ಗಾಳಿ ಬಿಸಿಲು ಕಂಡರೆ ಮುಗಿಯಿತು. ಗಾಳಿ ಹೊಡೆದ ಕಡೆ ಮೇಲ್ಪದರ ಹಪ್ಪಳದಂತಾಗುತ್ತದೆ. ಸ್ಕೀ ಅದನ್ನು ಒಡೆದುಕೊಂಡು ಒಳಗೆ ಹೋಗಿ ಸಿಕ್ಕಿಬೀಳುತ್ತದೆ, ಮೈ ಮಾತ್ರ ಮುಂದಕ್ಕೆ ಹಾರುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟ. ಬೆಳಿಗ್ಗೆ ಒಂಬತ್ತಕ್ಕೆ ಗಾಜಿನಂಥ ಗಡಸು, ಹನ್ನೊಂದರ ಹೊತ್ತಿಗೆ ರವೆ, ಮಧ್ಯಾಹ್ನ ಎರಡಾದರೆ ಅಂಬಲಿ. ಹೊಸಬರಿಗೆ ರವೆಯ ಹೊತ್ತೇ ಸೈ. ಅಂಬಲಿಯಲ್ಲಿ ಸ್ಕೀ ತಿರುಗುವುದಿಲ್ಲ, ಅದರ ಮೇಲೆ ನಿಂತವರ ಸೊಂಟ ತಿರುಗುತ್ತದೆ, ನಡುವೆ ಮೊಣಕಾಲು ನುಗ್ಗಾಗುತ್ತದೆ. ಗಾಜಿನ ಹಿಮದ ಮೇಲೆ ಸ್ಕೀಯ ಲೋಹದ ಅಂಚು ಕೆರೆಯುವ ಸದ್ದು ಹೆಂಚಿನ ಮೇಲೆ ಮಗುಚುವ ಕೈ ಎಳೆದಂತೆ ಇರುತ್ತದೆ. ಎಷ್ಟು ಚಿತ್ರ ನೋಡಿದರೂ ಆ ಸದ್ದು ಕಿವಿಗೆ ಬೀಳದು, ಅದರ ಜಾಗದಲ್ಲಿ ಸಂಗೀತ ತುಂಬಿರುತ್ತಾರೆ.

ಬೆಳಕಿನದೂ ಇದೇ ಕಥೆ. ಚಿತ್ರತಂಡಗಳು ಬಿಸಿಲಿಗಾಗಿ ದಿನಗಟ್ಟಲೆ ಕಾಯುತ್ತವೆ, ಬೆಳಿಗ್ಗೆ ಸಂಜೆಯ ಓರೆ ಬೆಳಕಿನಲ್ಲೇ ಚಿತ್ರಿಸುತ್ತವೆ. ಓರೆ ಬೆಳಕಿನಲ್ಲಿ ಹಿಮದ ಪ್ರತಿ ಉಬ್ಬಿಗೂ ನೆರಳು ಬೀಳುತ್ತದೆ. ಕೋರ್ಸಿಗೆ ಹೋದವರಿಗೆ ಹಾಗೆ ಕಾಯುವ ಹಕ್ಕಿಲ್ಲ. ಮೋಡ ಕವಿದ ದಿನ ನೆಲ ಯಾವುದು ಆಕಾಶ ಯಾವುದು ತಿಳಿಯದ ಬಿಳುಪು ಆವರಿಸುತ್ತದೆ. ಅರ್ಧ ಅಡಿಯ ಗುಂಡಿ ಕಾಲಿಗೆ ತಾಗಿದ ಮೇಲೆಯೇ ಗೊತ್ತಾಗುವುದು. ಅಂಥ ದಿನ ಕಪ್ಪು ಕನ್ನಡಕ ತೆಗೆದು ಹಳದಿ ಅಥವಾ ಗುಲಾಬಿ ಗಾಜಿನ ಗಾಗಲ್ ಹಾಕಿ, ಮರಗಳೋ ಗುರುತಿನ ಕಂಬಗಳೋ ಇರುವ ಅಂಚಿನಲ್ಲೇ ಇರಬೇಕು. ಕಣ್ಣಿಗೆ ಒಂದು ಆಧಾರ ಸಿಕ್ಕರೆ ಅರ್ಧ ಭಯ ಹೋಗುತ್ತದೆ.

ಇಳಿಜಾರಿನ ಲೆಕ್ಕವಂತೂ ಎರಡೂ ಕಡೆಗೆ ತಪ್ಪುತ್ತದೆ. ಹೆಲ್ಮೆಟ್ಟಿಗೆ ಸಿಕ್ಕಿಸಿದ ಕ್ಯಾಮೆರಾದ ಅಗಲ ಲೆನ್ಸು ಕಡಿದಾದ ಜಾಗವನ್ನು ಅಂಗಳದಂತೆ ಚಪ್ಪಟೆ ಮಾಡಿಬಿಡುತ್ತದೆ. ನಂದಿ ಬೆಟ್ಟದ ತಿರುವುಗಳನ್ನು ಸೈಕಲ್ಲಿನಲ್ಲಿ ಹತ್ತಿ, ಆಮೇಲೆ ತಮ್ಮದೇ ವಿಡಿಯೊ ನೋಡಿ ‘ಇಷ್ಟಕ್ಕೇ ಹಾಗೆ ಬೆವತೆವಾ’ ಅಂದುಕೊಂಡವರಿಗೆ ಈ ಮೋಸ ಗೊತ್ತು. ಪತ್ರಿಕೆಯ ಸ್ಥಿರಚಿತ್ರದಲ್ಲಿ ಇದು ಉಲ್ಟಾ: ಕ್ಯಾಮೆರಾವನ್ನು ಕೊಂಚ ವಾಲಿಸಿ ಹಿಡಿದರೆ ಸಾಧಾರಣ ಇಳಿಜಾರೂ ಗೋಡೆಯಾಗುತ್ತದೆ. ಪತ್ತೆಹಚ್ಚುವುದು ಸುಲಭ, ಮರ ನೋಡಿ. ದೇವದಾರು, ಪೈನ್ ಎಂಥ ಇಳಿಜಾರಿನಲ್ಲೂ ನೆಟ್ಟಗೆ ಬೆಳೆಯುತ್ತವೆ. ಫೋಟೊದಲ್ಲಿ ಎಲ್ಲ ಮರಗಳೂ ಒಂದೇ ಕಡೆ ವಾಲಿದ್ದರೆ ವಾಲಿದ್ದು ಮರವಲ್ಲ, ಕ್ಯಾಮೆರಾ. ಅಂದಾಜಿಗೆ ಬೇಕಾದರೆ, ಕಲಿಯುವ ಮೈದಾನ 6ರಿಂದ 10 ಡಿಗ್ರಿ, ಅಭ್ಯಾಸವಾದವರ ಇಳಿಜಾರು 15ರಿಂದ 20, ನುರಿತವರದು 22 ದಾಟಿದ್ದು. 30 ಡಿಗ್ರಿಯ ಮೇಲೆ ನಿಂತರೆ ಹೊಟ್ಟೆಯಲ್ಲಿ ಚಿಟ್ಟೆ ಹಾರುತ್ತದೆ. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇರುತ್ತದೆ. ಕೋಲನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಫೋನಿಟ್ಟರೆ ಸಾಕು.

ಹೊತ್ತಿನ ಲೆಕ್ಕವನ್ನೂ ಮಾಡಿಬಿಡೋಣ. ಸೆಕೆಂಡಿಗೆ 120 ಫ್ರೇಮಿನಂತೆ ಸೆರೆಹಿಡಿದು 24ರಂತೆ ಓಡಿಸಿದರೆ ಕಾಲ ಐದು ಪಟ್ಟು ಹಿಗ್ಗುತ್ತದೆ. 10 ಮೀಟರ್ ಬಂಡೆಯಿಂದ ಹಾರಿದವರು ನೆಲ ಮುಟ್ಟಲು ಬೇಕಾದದ್ದು ಸುಮಾರು 1.4 ಸೆಕೆಂಡ್, ತೆರೆಯ ಮೇಲೆ ಅವರು ಏಳು ಸೆಕೆಂಡ್ ತೇಲುತ್ತಾರೆ. ಯೋಚಿಸಲು, ಕೈ ಸರಿಮಾಡಿಕೊಳ್ಳಲು ಧಾರಾಳ ಸಮಯವಿದೆ ಎನ್ನುವ ಭ್ರಮೆ ಹುಟ್ಟುವುದು ಇಲ್ಲಿಯೇ.

ಆದರೆ ಇವೆಲ್ಲ ಕ್ಯಾಮೆರಾ ಕೈಚಳಕ, ಕ್ಷಮಿಸಬಹುದು. ಕ್ಷಮಿಸಲಾಗದ್ದು ಬೂಟನ್ನು ಬಿಟ್ಟಿದ್ದು. ಕಲಿಯುವವರ ಮೊದಲ ಮೂರು ದಿನ ಬೂಟಿನದೇ ದಿನಗಳು. ಸ್ಕೀ ಚೆನ್ನಾಗಿಲ್ಲ ಎಂದು ಗೊಣಗುವ ಹೆಚ್ಚಿನವರ ತೊಂದರೆ ಪಾದದ್ದೇ ಎಂದರೆ ಉತ್ಪ್ರೇಕ್ಷೆಯೇನಲ್ಲ. ಅಳತೆ ಸೆಂಟಿಮೀಟರಿನಲ್ಲಿ: ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹೆಬ್ಬೆರಳ ತುದಿಗೆ ಗುರುತು ಹಾಕಿ ಅಳೆದರೆ 26 ಬಂದರೆ ಬೂಟು 26. ಚಪ್ಪಲಿ ಅಂಗಡಿಯ ನಂಬರ್ ಹೇಳಬೇಡಿ. ಸಾಮಾನ್ಯವಾಗಿ 26ಕ್ಕೂ 26.5ಕ್ಕೂ ಹೊರಗಿನ ಪ್ಲಾಸ್ಟಿಕ್ ಕವಚ ಒಂದೇ. ಗಡಸುತನಕ್ಕೆ ಬೇರೆ ಸಂಖ್ಯೆ ಇದೆ. ಹೊಸ ಗಂಡಸರಿಗೆ 70–90, ಹೆಂಗಸರಿಗೆ 60–80 ಸಾಕು. ಚಿತ್ರದ ನಾಯಕರು ಹಾಕುವ 130ರ ಬೂಟಿನಲ್ಲಿ ಹೊಸಬರಿಗೆ ಕಣಕಾಲು ಮಡಿಸಲೂ ಆಗದು.

ನಮ್ಮ ಕಡೆಯಿಂದ ಹೋಗುವವರು ಚಳಿಗೆ ಹೆದರಿ ಎರಡು ಜೊತೆ ದಪ್ಪ ಉಣ್ಣೆ ಕಾಲುಚೀಲ ಹಾಕುತ್ತಾರೆ. ಬೂಟಿನೊಳಗೆ ಪಾದ ಬಿಗಿದು ರಕ್ತ ಓಡುವುದು ಕಡಿಮೆಯಾಗಿ, ಒಂದು ಜೊತೆ ಹಾಕಿದವರಿಗಿಂತ ಬೇಗ ಬೆರಳು ಜೋಮು ಹಿಡಿಯುತ್ತದೆ. ಒಂದೇ ಜೊತೆ, ತೆಳು, ಮೊಣಕಾಲಿನವರೆಗೆ ಬರುವಂಥದ್ದು ಸಾಕು. ಒಳಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬಾರದು, ಆ ಮಡಿಕೆಯೇ ಸಂಜೆಗೆ ಮಂಡಿಯ ಕೆಳಗಿನ ಮುಂದೆಲುಬಿನ ಮೇಲೆ ಹುಣ್ಣಾಗುತ್ತದೆ. ಬಕಲ್ ಹಾಕುವುದಕ್ಕೂ ಕ್ರಮವಿದೆ. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಪಾದದ ಮೇಲಿನ ಎರಡು ಬಕಲ್ ಸಡಿಲವಾಗಿ ಸಿಕ್ಕಿಸಿ, ಕಣಕಾಲಿನದನ್ನು ಬಿಗಿಯಾಗಿ, ಆಮೇಲೆ ಮೇಲಿನದು, ಕೊನೆಗೆ ಪಟ್ಟಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಕಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗಿಗೆ ಕಾಲಿಡುವ ಮುಂಚೆ ಬೂಟಿನ ಅಡಿಯ ಹಿಮವನ್ನು ಕೋಲಿನ ಮೊನೆಯಿಂದ ಕೆರೆದು ತೆಗೆಯಿರಿ. ತೆಗೆಯದಿದ್ದರೆ ಅದು ಪೂರ್ತಿ ಕಚ್ಚುವುದಿಲ್ಲ, ಹತ್ತು ಮೀಟರ್ ಹೋಗುವಷ್ಟರಲ್ಲಿ ಒಂದು ಕಾಲಿನದು ಕಳಚಿಕೊಳ್ಳುತ್ತದೆ. ಕಳಚುವ ಬಿಗಿ ಎಷ್ಟಿರಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಕೌಶಲ ನೋಡಿ ಅಲ್ಲಿನವರೇ ಹೊಂದಿಸುತ್ತಾರೆ. ಪದೇ ಪದೇ ಕಳಚುತ್ತದೆ, ಬಿಗಿ ಮಾಡಿ ಎಂದು ದುಂಬಾಲು ಬೀಳಬೇಡಿ. ಬಿದ್ದಾಗ ಸ್ಕೀ ಕಳಚದಿದ್ದರೆ ತಿರುಚಿಕೊಳ್ಳುವುದು ಮೊಣಕಾಲು.

ಇಷ್ಟೆಲ್ಲ ಆದ ಮೇಲಾದರೂ ಜಾರಬಹುದೇ? ಇಲ್ಲ, ಹತ್ತಬೇಕು. ಕೋರ್ಸಿನ ಮೊದಲ ದಿನಗಳಲ್ಲಿ ಲಿಫ್ಟಿನ ಮಾತೇ ಇರುವುದಿಲ್ಲ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟು, ಬೆಟ್ಟದ ಕಡೆಯ ಅಂಚನ್ನು ಹಿಮಕ್ಕೆ ಕಚ್ಚಿಸಿ, ಒಂದೊಂದೇ ಅಡ್ಡ ಹೆಜ್ಜೆ. ಐವತ್ತು ಮೀಟರ್ ಹೀಗೆ ಏರಲು ಹೊಸಬರಿಗೆ ಐದರಿಂದ ಹತ್ತು ನಿಮಿಷ, ಇಳಿಯಲು ಹದಿನೈದು ಸೆಕೆಂಡ್, ಬಿದ್ದು ಏಳಲು ಮತ್ತೈದು ನಿಮಿಷ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ನಂದಿ ಬೆಟ್ಟದ ತುದಿ 1,478. ಮೊದಲ ದಿನ ಹತ್ತುವಾಗ ಏದುಸಿರು ಬಂದರೆ ಗಾಬರಿಯಾಗಬೇಕಿಲ್ಲ, ನೀರು ಕುಡಿಯುತ್ತಿರಿ. ಸ್ಕೀಯಿಂಗ್‌ನ ಸ್ವಭಾವ ಏನೆಂದು ಕೇಳಿದರೆ ಇದೂ ಅದರಲ್ಲಿ ಸೇರಿದೆ. ಚಿತ್ರಗಳು ಇಳಿಯುವ ಹದಿನೈದು ಸೆಕೆಂಡನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಉದುರಿಸುತ್ತವೆ.

ಹಾಗಂತ ಚಿತ್ರಗಳೆಲ್ಲ ದಂಡ ಎನ್ನಲಾಗದು. ತಿರುವು ಹೇಗಾಗುತ್ತದೆ ಎನ್ನುವುದನ್ನು ತೋರಿಸುವಷ್ಟು ಚೆನ್ನಾಗಿ ಮಾತಿನಲ್ಲಿ ಹೇಳಲು ಸಾಧ್ಯವೇ ಇಲ್ಲ. ಇದನ್ನು ಮೊದಲೇ ಕಂಡುಕೊಂಡವರು ಜರ್ಮನಿಯ ಫ್ರೈಬರ್ಗ್‌ನ ಆರ್ನಾಲ್ಡ್ ಫಾಂಕ್. ಭೂವಿಜ್ಞಾನ ಓದಿದ ಫಾಂಕ್ 1920ರ ಹೊತ್ತಿಗೆ ಕ್ಯಾಮೆರಾ ಹೊತ್ತು ಬೆಟ್ಟ ಹತ್ತಿದರು. ಆಗ ಲಿಫ್ಟೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಸ್ಕೀಯ ಅಡಿಗೆ ಸೀಲ್ ಚರ್ಮ ಕಟ್ಟಿ ನಡೆದೇ ಹೋಗಬೇಕು. ಅವರ ಚಿತ್ರಗಳಲ್ಲಿ ಹತ್ತುವುದೂ ಕಥೆಯ ಭಾಗವಾಗಲು ಇದೇ ಕಾರಣ. ಆಸ್ಟ್ರಿಯಾದ ಆರ್ಲ್‌ಬರ್ಗ್‌ನ ಸ್ಕೀ ಗುರು ಹಾನ್ನೆಸ್ ಶ್ನೈಡರ್ ಜೊತೆಗೂಡಿ ಅವರು ಚಿತ್ರದ ಫ್ರೇಮುಗಳನ್ನೇ ಕತ್ತರಿಸಿ, ಸಾಲಾಗಿ ಜೋಡಿಸಿ ಪುಸ್ತಕ ಮಾಡಿದರು. ಒಂದು ತಿರುವಿನಲ್ಲಿ ಮಂಡಿ ಯಾವಾಗ ಬಗ್ಗಿತು, ಭಾರ ಯಾವ ಕಾಲಿಗೆ ಹೋಯಿತು ಎಂಬುದನ್ನು ಬೆರಳಿಟ್ಟು ನೋಡಬಹುದು. ನೂರು ವರ್ಷದ ಮೇಲೂ ಸ್ಕೀ ಚಿತ್ರದಿಂದ ಪಡೆಯಬಹುದಾದ ದೊಡ್ಡ ಲಾಭ ಅದೇ. ಈಗ ಕತ್ತರಿ ಬೇಡ, ವಿಡಿಯೊದ ವೇಗ ಕಾಲು ಭಾಗಕ್ಕೆ ಇಳಿಸಿದರಾಯಿತು.

ಹಾಗೆ ನಿಧಾನಿಸಿ ನೋಡುವಾಗ ಹಿಮದ ಧೂಳಿಗೆ ಮರುಳಾಗದೆ ಕಣಿವೆ ಕಡೆಯ ಕಾಲನ್ನು ನೋಡಿ. ತಿರುವಿನ ಹೊರಗಿನ ಸ್ಕೀ ಮೇಲೆ ಹೆಚ್ಚು ಭಾರ ಇರುತ್ತದೆ, ಮಂಡಿಯ ಕೆಳಗಿನ ಮುಂದೆಲುಬು ಬೂಟಿನ ನಾಲಿಗೆಗೆ ಒತ್ತಿರುತ್ತದೆ, ಕೈಗಳೆರಡೂ ಸೊಂಟದ ಮಟ್ಟದಲ್ಲಿ ಮುಂದೆ ಕಾಣುತ್ತವೆ, ಎದೆ ನೀರು ಹರಿದುಹೋಗುವ ದಿಕ್ಕಿಗೆ ತಿರುಗಿರುತ್ತದೆ. ಹೊಸಬರು ಮಾಡುವುದು ಸರಿಯಾಗಿ ಇದರ ವಿರುದ್ಧ: ಹೆದರಿ ಹಿಂದಕ್ಕೆ ವಾಲುತ್ತಾರೆ, ಮುಂತುದಿಯ ಹಿಡಿತ ಹೋಗುತ್ತದೆ, ಸ್ಕೀ ತನ್ನಿಷ್ಟಕ್ಕೆ ಓಡುತ್ತದೆ. ಇದಕ್ಕೆ ತಾಲೀಮು ಬೇಕಾದರೆ ಮಧುಗಿರಿಗೆ ಹೋಗಿ. ಏಕಶಿಲೆಯ ಮೇಲೆ ಕಂಬಿ ಹಿಡಿದು ಇಳಿಯುವಾಗ ಹೆದರಿ ಬಂಡೆಯ ಕಡೆಗೆ ಒರಗಿದರೆ ಕಾಲು ಜಾರುತ್ತದೆ, ಪಾದದ ಮೇಲೆ ನೆಟ್ಟಗೆ ಭಾರ ಬಿಟ್ಟು ನಿಂತರೆ ಕಚ್ಚಿಕೊಳ್ಳುತ್ತದೆ. ಹಿಮದ ಮೇಲೂ ನಿಯಮ ಅದೇ. ಕೂತು ಜಾರಿಕೊಂಡು ಇಳಿಯುವವರು ಔಲಿಯಲ್ಲೂ ಹಾಗೆಯೇ ಇಳಿಯುತ್ತಾರೆ, ಬೇಕಿದ್ದರೆ ಪರೀಕ್ಷಿಸಿ!

ಬೀಳುವುದನ್ನು ಮುಚ್ಚಿಡದ ಚಿತ್ರಗಳು ವಿರಳ. ಅಮೆರಿಕದ ವಾರನ್ ಮಿಲ್ಲರ್ 1950ರಿಂದಾಚೆ ದಶಕಗಳ ಕಾಲ ವರ್ಷಕ್ಕೊಂದು ಚಿತ್ರ ತೆಗೆದು ಊರೂರು ಸುತ್ತಿ ತೋರಿಸಿದರು. ಮೊದಮೊದಲು ವೇದಿಕೆಯಲ್ಲಿ ನಿಂತು ವಿವರಣೆಯನ್ನೂ ತಾವೇ ಕೊಡುತ್ತಿದ್ದರು. ಲಿಫ್ಟಿನಿಂದ ಇಳಿಯಲಾಗದೆ ಮುಗ್ಗರಿಸುವವರು, ಒಬ್ಬರ ಮೇಲೊಬ್ಬರು ಬೀಳುವವರು ಅವರ ಚಿತ್ರಗಳಲ್ಲಿ ಧಾರಾಳ. ಹಾಸ್ಯಕ್ಕೆಂದು ಹಾಕಿದ ಆ ಭಾಗಗಳೇ ಹೊಸಬರ ಪಾಲಿಗೆ ಅತಿ ಪ್ರಾಮಾಣಿಕ ದೃಶ್ಯಗಳು.

ಇನ್ನೊಂದು, ‘ದಿ ಮ್ಯಾನ್ ಹೂ ಸ್ಕೀಡ್ ಡೌನ್ ಎವರೆಸ್ಟ್’. ಜಪಾನಿನ ಯುಯಿಚಿರೊ ಮಿಯುರಾ 1970ರ ಮೇ 6ರಂದು ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಎವರೆಸ್ಟ್‌ನ ಸೌತ್ ಕೋಲ್ ಎಂಬ ತಗ್ಗಿನ ಕೆಳಗಿನ ಮಂಜುಗಡ್ಡೆಯ ಮೇಲೆ ಇಳಿದರು. ಕೆನಡಾದವರು ಸಿದ್ಧಪಡಿಸಿದ 1975ರ ಈ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಹೆಸರು ಎವರೆಸ್ಟ್ ಇಳಿದವನು ಎನ್ನುತ್ತದೆ, ಚಿತ್ರ ತೋರಿಸುವುದು ಬಿದ್ದವನನ್ನು. ತೆಳುಗಾಳಿಯಲ್ಲಿ ಪ್ಯಾರಾಚೂಟ್ ಸಾಕಷ್ಟು ತಡೆಯುವುದಿಲ್ಲ, ಅಂಚು ಕಚ್ಚುವುದಿಲ್ಲ, ಮಿಯುರಾ ಉರುಳುತ್ತ ಜಾರುತ್ತ ಹೋಗಿ ದೊಡ್ಡ ಬಿರುಕಿನ ಸ್ವಲ್ಪ ಮೇಲೆ ನಿಲ್ಲುತ್ತಾರೆ. ಅದಕ್ಕೂ ಮುಂಚೆ ಮಂಜುಗಡ್ಡೆಯೇ ಜಲಪಾತದಂತೆ ನಿಂತಿರುವ ಖುಂಬು ಐಸ್‌ಫಾಲ್‌ನಲ್ಲಿ ಗಡ್ಡೆ ಕುಸಿದು ಈ ಸಾಹಸಯಾತ್ರೆಯ ಆರು ಮಂದಿ ಶೆರ್ಪಾಗಳು ಸತ್ತದ್ದನ್ನು ಚಿತ್ರ ಮರೆಮಾಚುವುದಿಲ್ಲ. ಒಬ್ಬರ ಎರಡು ನಿಮಿಷದ ಇಳಿತಕ್ಕೆ ಎಷ್ಟು ಬೆನ್ನುಗಳು ಹೊರೆ ಹೊತ್ತವು ಎಂಬುದೂ ಕಾಣುತ್ತದೆ. ಒಂದೇ ಒಂದು ಸ್ಕೀ ಚಿತ್ರ ನೋಡುವುದಾದರೆ ಇದನ್ನು ನೋಡಿ.

ಇಂದಿನ ಹೆಲಿಕಾಪ್ಟರ್ ತುಣುಕುಗಳಿಗೆ ಐದಕ್ಕೆ ಎರಡು ಅಂಕ, ಅದೂ ಛಾಯಾಗ್ರಹಣಕ್ಕೆ. ಅವು ಮುಚ್ಚಿಡುವ ಅಪಾಯ ಸಣ್ಣದಲ್ಲ. ಹಿಟ್ಟಿನಂಥ ಹಿಮ ಕಣ್ಣಿಗೆ ಹಬ್ಬವಾಗುವ 30ರಿಂದ 45 ಡಿಗ್ರಿ ಇಳಿಜಾರೇ ಹಿಮಕುಸಿತಕ್ಕೂ ತಕ್ಕ ಜಾಗ. ಅಂಥ ಕಡೆ ಹೋಗುವ ಪ್ರತಿಯೊಬ್ಬರ ಮೈಮೇಲೂ ಹೂತವರ ಜಾಗ ತೋರಿಸುವ 457 ಕಿಲೊಹರ್ಟ್ಸ್‌ನ ರೇಡಿಯೊ ಟ್ರಾನ್ಸೀವರ್, ಚೀಲದಲ್ಲಿ ಹಿಮ ಚುಚ್ಚಿ ಹುಡುಕಲು ಮಡಚುವ ಉದ್ದ ಸರಳು, ಸಲಿಕೆ ಇರಲೇಬೇಕು. ಹೂತುಹೋದವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಹೆಚ್ಚು, ಆಮೇಲೆ ಅದು ಸರ್ರನೆ ಇಳಿಯುತ್ತದೆ. ತೆರೆಯ ಮೇಲೆ ಈ ಸಲಕರಣೆ ಜಾಕೆಟ್ಟಿನೊಳಗೆ ಇದ್ದರೂ ಕಾಣುವುದಿಲ್ಲ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ವಿದೇಶಿ ಸ್ಕೀಯರ್ ಒಬ್ಬರು ತೀರಿಕೊಂಡರು. ಅಲ್ಲಿನ ಗೊಂಡೊಲಾ ಎಂಬ ತೂಗುಬಂಡಿಯ ಎರಡನೇ ಹಂತ 3,900 ಮೀಟರ್‌ಗೂ ಮೇಲಕ್ಕೆ ಒಯ್ದು ಬಿಡುತ್ತದೆ. ಟಿಕೆಟ್ ಸಿಕ್ಕಿತೆಂದ ಮಾತ್ರಕ್ಕೆ ಅಲ್ಲಿಂದ ಜಾರಿಕೊಂಡು ಬರಬಹುದು ಎಂದಲ್ಲ.

ಚಿತ್ರಗಳ ದೊಡ್ಡ ತಾರೆಯಾಗಿದ್ದ ಶೇನ್ ಮೆಕಾಂಕಿ 2009ರಲ್ಲಿ ಇಟಲಿಯ ಡಾಲಮೈಟ್ಸ್ ಬೆಟ್ಟಗಳಲ್ಲಿ ಸ್ಕೀ ಕಳಚಿ ಪ್ಯಾರಾಚೂಟ್ ಬಿಚ್ಚುವ ಲೆಕ್ಕದಲ್ಲಿ ಬಂಡೆಯಿಂದ ಹಾರಿದಾಗ ಸ್ಕೀ ಸಕಾಲಕ್ಕೆ ಕಳಚಿಕೊಳ್ಳದೆ ಸತ್ತರು. ಅವರ ಹೆಸರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಆಳ ಹಿಮ ನೀರಿನ ಹಾಗೆ, ಅದಕ್ಕೆ ನೀರಿನ ಮೇಲೆ ಓಡುವ ಸ್ಕೀಯ ಆಕಾರವೇ ಬೇಕು ಎಂದು ಹಟ ಹಿಡಿದು, ಎರಡೂ ತುದಿ ಮೇಲಕ್ಕೆ ಬಾಗಿದ ಅಗಲ ಸ್ಕೀಯನ್ನು 2002ರ ಹೊತ್ತಿಗೆ ಮಾರುಕಟ್ಟೆಗೆ ತರಿಸಿದವರು ಅವರು. ಆಗ ನಕ್ಕವರೆಲ್ಲ ಆಮೇಲೆ ಅದನ್ನೇ ತಯಾರಿಸಿದರು.

ಇಲ್ಲಿಂದ ಪತ್ರಿಕೆಗಳ ವಿಚಾರಕ್ಕೆ ದಾಟಬಹುದು, ಯಾಕೆಂದರೆ ಪತ್ರಿಕೆಗಳು ತುಂಬಿಕೊಂಡಿರುವುದು ಇಂಥ ಸ್ಕೀಗಳಿಂದಲೇ. ನಡುಭಾಗದ ಅಗಲ 100–115 ಮಿಲಿಮೀಟರ್ ಇರುವ ಆಳ ಹಿಮದ ಸ್ಕೀಗಳ ಹೊಗಳಿಕೆ ಓದಿ ಹೋದವರಿಗೆ ಕೋರ್ಸಿನಲ್ಲಿ 70–80ರ ಕಿರಿದಾದ ಸ್ಕೀ ಕೊಟ್ಟಾಗ ಮುಖ ಸಪ್ಪಗಾಗುತ್ತದೆ. ಸಪ್ಪಗಾಗಬೇಕಿಲ್ಲ. ಗಟ್ಟಿ ಹಿಮದ ಮೇಲೆ ಕಿರಿದಾದದ್ದು ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಹೊರಳುತ್ತದೆ, ಕಲಿಯಲು ಅದೇ ಸರಿ. ಉದ್ದ ಗದ್ದದಿಂದ ಮೂಗಿನವರೆಗೆ ಬಂದರೆ ಸಾಕು. 170 ಸೆಂಟಿಮೀಟರ್ ಎತ್ತರದವರಿಗೆ 150ರ ಆಸುಪಾಸು. ಅಂಚು ಚೂಪಾಗಿದೆಯೇ ಎಂದು ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ, ಸಣ್ಣ ಪುಡಿ ಉದುರಬೇಕು. ಅಡಿಭಾಗ ಬೆಳ್ಳಗೆ ಒಣಗಿದಂತಿದ್ದರೆ ಮೇಣ ಹಚ್ಚಿ ಬಹಳ ದಿನವಾಗಿದೆ ಎಂದರ್ಥ. ಸಲಕರಣೆ ಪರೀಕ್ಷೆಯ ಪುಟ ಓದುವಾಗ ಪಕ್ಕದ ಪುಟದ ಜಾಹೀರಾತು ಯಾರದೆಂದೂ ನೋಡಿಕೊಳ್ಳಿ. ‘ಎಲ್ಲ ಹಿಮಕ್ಕೂ ಒಂದೇ ಸ್ಕೀ’ ಎಂಬ ಮಾತು ಎಲ್ಲ ಮಣ್ಣಿಗೂ ಒಂದೇ ನೇಗಿಲು ಎಂದಂತೆ.

ಆದರೂ ಬರಹದಲ್ಲಿ ಪತ್ರಿಕೆಗಳು ಚಿತ್ರಗಳಿಗಿಂತ ಒಂದು ಕೈ ಮೇಲೆ. 1936ರಿಂದ ನಡೆದುಬಂದ ‘ಸ್ಕೀ’ ಕಲಿಯುವವರನ್ನು ಮರೆಯಲಿಲ್ಲ. ಜೇಕ್ ಮತ್ತು ಡೇವ್ ಮೋ ಸಹೋದರರು 1972ರಲ್ಲಿ ಶುರುಮಾಡಿದ ‘ಪೌಡರ್’ ರೇಸು, ಫ್ಯಾಷನ್ ಬಿಟ್ಟು ಆಳ ಹಿಮದ ಹುಚ್ಚಿಗೆ ಮೀಸಲಾಯಿತು. 2020ರ ಕೊನೆಯಲ್ಲಿ ಮಾಲೀಕರು ಅದನ್ನು ನಿಲ್ಲಿಸಿದಾಗ ಓದುಗರು ಮನೆಯವರು ಹೋದಷ್ಟು ದುಃಖಪಟ್ಟರು, ಆಮೇಲೆ ಅದು ಮತ್ತೆ ಜೀವ ಪಡೆಯಿತು. ಹಿಮ ಬೀಳದೆ ಕಾದದ್ದು, ಅಡುಗೆಮನೆಯಲ್ಲಿ ಒದ್ದೆ ಕೈಗವಸು ಒಣಗಿಸಿದ್ದು, ಹಳೆಯ ಗೆಳೆಯರ ಜಗಳ, ಇಂಥವಕ್ಕೆ ಪುಟದಲ್ಲಿ ಜಾಗ ಸಿಗುತ್ತದೆ, ನಾಲ್ಕು ನಿಮಿಷದ ತುಣುಕಿನಲ್ಲಿ ಸಿಗದು. ಕಾಯುವುದು ನಮ್ಮ ದೇಶದ ಸ್ಕೀಯಿಂಗಿಗೂ ಅಂಟಿದ್ದೇ. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೆ ಹೋದವು. ಕೋರ್ಸಿಗೆ ಹೋಗುವವರು ವಾಪಸ್ ಟಿಕೆಟ್ಟನ್ನು ಬದಲಿಸಲು ಆಗುವಂಥದ್ದೇ ಮಾಡಿಸಿ.

ಚಿತ್ರ, ಪತ್ರಿಕೆ ಎರಡೂ ಸೇರಿ ಮಾಡಿದ ಅನ್ಯಾಯವೊಂದಿದೆ. ಸಮತಟ್ಟು ಹಿಮದ ಮೇಲೆ ಹತ್ತಾರು ಕಿಲೊಮೀಟರ್ ಕಾಲು ಕೈ ದುಡಿಸಿ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗನ್ನು ಅವು ಹೆಚ್ಚುಕಡಿಮೆ ಮರೆತೇಬಿಟ್ಟಿವೆ. ಹಿಮ್ಮಡಿ ಬಿಡುಬೀಸಾಗಿ ಏಳುವ ಬೈಂಡಿಂಗ್, ಮೃದು ಬೂಟು, ಕಡ್ಡಿಯಂಥ ಸ್ಕೀ. ಧೂಳೂ ಏಳದು, ಬಂಡೆ ಹಾರುವುದೂ ಇಲ್ಲ, ಕ್ಯಾಮೆರಾಕ್ಕೆ ಏನು ಸಿಕ್ಕೀತು? ಕರ್ನಾಟಕದ ಹೆಸರು ಹಿಮದ ಮೇಲೆ ಕೇಳಿಬಂದದ್ದು ಮಾತ್ರ ಅದರಿಂದಲೇ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ರಾಜ್ಯಕ್ಕೆ ಪದಕ ತಂದ ಭವಾನಿ ತೆಕ್ಕಡ ನಂಜುಂಡ ಹಿಮವೇ ಬೀಳದ ಕೊಡಗಿನವರು. ಈ ಆಟಕ್ಕೆ ಬೇಕಾದ ದಮ್ಮನ್ನು ಹಿಮವಿಲ್ಲದ ಊರಿನಲ್ಲೂ ಕಟ್ಟಬಹುದು, ಚಕ್ರದ ರೋಲರ್ ಸ್ಕೀಯಲ್ಲಿ ವಾಹನವಿಲ್ಲದ ಡಾಂಬರು ರಸ್ತೆಯೂ ಸಾಕು. ಇಳಿಜಾರಿನ ಸ್ಕೀಯಿಂಗ್‌ನಲ್ಲಿ ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ (ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಪರ್ಧೆ) 45ನೆಯವರಾಗಿ ಮುಗಿಸಿದರು. ವಿದೇಶಿ ತಂಡಗಳ ಗುಲ್ಮಾರ್ಗ್ ಚಿತ್ರಗಳಲ್ಲಿ ಊರಿನವರು ಹೆಚ್ಚಾಗಿ ಚಹಾ ಕೊಡುವವರಾಗಿಯೇ ಕಾಣಿಸಿಕೊಳ್ಳುತ್ತಾರೆ. ಬಾಲ್ಯದಿಂದ ಅದೇ ಇಳಿಜಾರಿನಲ್ಲಿ ಬೆಳೆದ ಹುಡುಗರು ಹಳೆಯ ಬಾಡಿಗೆ ಸ್ಕೀಯಲ್ಲೇ ಅವರಿಗಿಂತ ಚೊಕ್ಕವಾಗಿ ಇಳಿದುಬಿಡುತ್ತಾರೆ, ಆ ದೃಶ್ಯ ಚಿತ್ರದಲ್ಲಿ ಬರುವುದಿಲ್ಲ.

ಹೊರಡಲು ಆರು ವಾರ ಇರುವಾಗ ಚಿತ್ರ ನೋಡುವ ಹೊತ್ತನ್ನು ಅರ್ಧ ಮಾಡಿ. ಉಳಿದರ್ಧದಲ್ಲಿ ವಾರಕ್ಕೆ ಮೂರು ದಿನ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವ ವ್ಯಾಯಾಮ, ಮೊದಲು ಮೂವತ್ತು ಸೆಕೆಂಡ್, ಕೊನೆಯ ವಾರಕ್ಕೆ ಎರಡು ನಿಮಿಷ. ವಾರಕ್ಕೊಮ್ಮೆ ದೇವರಾಯನದುರ್ಗವೋ ಅಂತರಗಂಗೆಯೋ, ಹತ್ತುವುದಕ್ಕಿಂತ ಇಳಿಯುವುದನ್ನು ನಿಧಾನವಾಗಿ ಮಾಡಿ. ತೊಡೆಯ ಮುಂದಿನ ಸ್ನಾಯು ಹದವಾಗುವುದು ಇಳಿಯುವಾಗ. ಕೊಳ್ಳಬೇಕಾದದ್ದು ಕಡಿಮೆ: ನೀರು ಒಳಬಿಡದ ಕೈಗವಸು, ಗಾಗಲ್, ತುಟಿಗೆ ಮುಖಕ್ಕೆ ಬಿಸಿಲಿನ ಕ್ರೀಮು, ತೆಳು ಉದ್ದ ಕಾಲುಚೀಲ ಎರಡು ಜೊತೆ. ಎರಡು ಜೊತೆ ಯಾಕೆಂದರೆ ಒಂದು ಒಣಗುತ್ತಿರುವಾಗ ಇನ್ನೊಂದು ಬೇಕು, ಒಟ್ಟಿಗೆ ಹಾಕಿಕೊಳ್ಳಲು ಅಲ್ಲ.